ದಾರ ಎಳೆದು ಮಾಡಿದ ಪ್ರೊಟೊಟೈಪ್: ಮಾಲ್ಮೋದಲ್ಲಿ ನನ್ನ ಅನುಭವ

ಯಾವುದೇ ಯಂತ್ರದ ಪ್ರೊಟೊಟೈಪ್, ಅಂದರೆ ಮೊದಲ ಮಾದರಿ, ಮಾಡುವಾಗ ಕೋಡ್ ಬರೆಯುವ ಮುಂಚೆ ದಾರ ಕಟ್ಟಿ ಕೈಯಲ್ಲೇ ಎಳೆದು ನೋಡಬೇಕು. ಸ್ವೀಡನ್ನಿನ ಮಾಲ್ಮೋದಲ್ಲಿ ಇಂಟರಾಕ್ಷನ್ ಡಿಸೈನ್ (ಜನ ಯಂತ್ರಗಳನ್ನು ಬಳಸುವ ರೀತಿಯನ್ನು ರೂಪಿಸುವ ವಿದ್ಯೆ) ಓದುವಾಗ ಈ ಮಾತು ಹೇಳಿದರೆ ಕ್ಲಾಸಿನವರು ನಕ್ಕು ಸುಮ್ಮನಾಗುತ್ತಿದ್ದರು. ಬೆಂಗಳೂರಿನ ಗೆಳೆಯ ಫೋನಿನಲ್ಲಿ ನೇರವಾಗಿಯೇ ಕೇಳಿದ: "ಲೋ ಮಗಾ, ಆ್ಯಪ್ ಇಲ್ಲ, ಸ್ಕ್ರೀನ್ ಇಲ್ಲ, ದಾರ ತೋರಿಸ್ತೀಯಾ? ಇಪ್ಪತ್ತು ಲಕ್ಷ ಸಾಲ ಮಾಡಿ ಹೋಗಿದ್ದು ಇದಕ್ಕಾ?" ಆ ದಾರದಿಂದ ಶುರುವಾದ ಪೆಟ್ಟಿಗೆ ಈಗ ಒಂದು ಕಟ್ಟಡದ ನೆಲಮಾಳಿಗೆಯಲ್ಲಿ ದಿನಾ ಕೆಲಸ ಮಾಡುತ್ತಿದೆ. ನನಗೆ ನೌಕರಿ ಸಿಕ್ಕಿದ್ದೂ ಅದರಿಂದಲೇ. ಹೇಗೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ. ಮುಂದೆ ಬರುವ ಎರಡು ಹೆಸರು ಮೊದಲೇ ಹೇಳಿಬಿಡುತ್ತೇನೆ: ಆರ್ಡುಯಿನೋ ಅಂದರೆ ಸೆನ್ಸರ್, ಮೋಟರ್ ಜೋಡಿಸಿ ಕೋಡ್ ಹಾಕಬಹುದಾದ ಪುಟ್ಟ ಬೋರ್ಡು, ಫಿಗ್ಮಾ ಅಂದರೆ ಸ್ಕ್ರೀನ್ ಡಿಸೈನ್ ಮಾಡುವ ಸಾಫ್ಟ್‌ವೇರ್.

ವಿಷಯ ಬಟ್ಟೆ ಒಗೆಯುವುದು. ಸ್ವೀಡನ್ನಿನ ಹಳೇ ಅಪಾರ್ಟ್‌ಮೆಂಟುಗಳಲ್ಲಿ ಬಹಳಷ್ಟು ಮನೆಗಳಿಗೆ ಸ್ವಂತ ವಾಷಿಂಗ್ ಮೆಷಿನ್ ಇರುವುದಿಲ್ಲ. ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದು ಕೋಣೆ. ಅದಕ್ಕೆ ತ್ವೆತ್‌ಸ್ತೂಗಾ ಅಂತಾರೆ. ಗೋಡೆಯ ಮೇಲೆ ಒಂದು ಬೋರ್ಡು. ತಾರೀಕಿಗೊಂದು ಸಾಲು, ಹೊತ್ತಿಗೊಂದು ತೂತು. ಪ್ರತಿ ಮನೆಗೆ ನಂಬರ್ ಕೊರೆದ ಒಂದು ಪುಟ್ಟ ಬೀಗದ ಸಿಲಿಂಡರ್ ಕೊಟ್ಟಿರುತ್ತಾರೆ. ನಿಮಗೆ ಬೇಕಾದ ಹೊತ್ತಿನ ತೂತಿಗೆ ಅದನ್ನು ಸಿಕ್ಕಿಸಿ ಕೀ ತಿರುಗಿಸಿದರೆ ಬುಕಿಂಗ್ ಆಯ್ತು. ಸಿಲಿಂಡರ್ ಒಂದೇ ಇರುವುದರಿಂದ ಎರಡು ಬುಕಿಂಗ್ ಮಾಡೋಕೆ ಆಗಲ್ಲ. ನಾನು ನೋಡಿದ ಇಂಟರ್ಫೇಸುಗಳಲ್ಲಿ ಇದರಷ್ಟು ಚೆನ್ನಾಗಿರುವುದು ಕಡಿಮೆ.

ತೊಂದರೆ ಇದ್ದದ್ದು ಬೇರೆ ಕಡೆ. ನಮ್ಮ ಕಟ್ಟಡದ ನಿಯಮದ ಪ್ರಕಾರ, ಬುಕ್ ಮಾಡಿದವರು ಅರ್ಧ ಗಂಟೆಯೊಳಗೆ ಮೆಷಿನ್ ಹಾಕದಿದ್ದರೆ ಬೇರೆಯವರು ಹಾಕಬಹುದು. ಅರ್ಧ ಗಂಟೆ ಆಯ್ತೋ ಇಲ್ಲವೋ ಅಂತ ಹೇಳುವವರು ಯಾರು? ಇಲ್ಲಿನವರು ಮುಖಕ್ಕೆ ಹೊಡೆದ ಹಾಗೆ ಜಗಳ ಆಡುವುದಿಲ್ಲ. ಚೀಟಿ ಬರೆದು ಅಂಟಿಸುತ್ತಾರೆ. ನಮ್ಮ ಕೋಣೆಯ ಬಾಗಿಲ ತುಂಬ ಅಂಥ ಸಿಟ್ಟಿನ ಚೀಟಿಗಳೇ ಇದ್ದವು.

ಮೊದಲ ಸಲ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಏಳು ಇಂಚಿನ ಟಚ್‌ಸ್ಕ್ರೀನ್, ಜೊತೆಗೆ ಫೋನಿಗೊಂದು ಆ್ಯಪ್. ಕಾಲೇಜಿನ ಸ್ಟುಡಿಯೋದಲ್ಲಿ ತೋರಿಸಿದಾಗ ಚಪ್ಪಾಳೆ ಬಿತ್ತು. ನೆಲಮಾಳಿಗೆಗೆ ಇಳಿಸಿದ ಮೇಲೆ ಒಂದು ವಾರವೂ ನಿಲ್ಲಲಿಲ್ಲ. ಅಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಒದ್ದೆ ಕೈಗೆ ಟಚ್‌ಸ್ಕ್ರೀನ್ ಕೇಳುವುದಿಲ್ಲ. ಯಾರೋ ಇಸ್ತ್ರಿಪೆಟ್ಟಿಗೆಗೆ ಅಂತ ಪ್ಲಗ್ ಕಿತ್ತರು, ಎಸ್‌ಡಿ ಕಾರ್ಡ್ ಕೆಟ್ಟಿತು. ಸ್ಕ್ರೀನ್, ಪೈ, ಕೇಸು, ವೈಫೈ ರೌಟರ್ ಎಲ್ಲ ಸೇರಿ 3,000 ಕ್ರೋನಾ ಹತ್ತಿರ ಹೋಯ್ತು. ಆಗ ಕ್ರೋನಾಗೆ ಎಂಟು ರೂಪಾಯಿಯ ಆಸುಪಾಸು. ಲೆಕ್ಕ ನೀವೇ ಹಾಕಿ.

ದುಡ್ಡಿನ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ಯುರೋಪಿಯನ್ ಒಕ್ಕೂಟದ ದೇಶಗಳ ಹುಡುಗರಿಗೆ ಇಲ್ಲಿ ಓದು ಪುಕ್ಕಟೆ. ನಮ್ಮಂಥವರಿಗೆ 2011ರಿಂದ ಫೀಸು. ಅರ್ಜಿ ಹಾಕೋಕೇ 900 ಕ್ರೋನಾ. ಓದೋಕೆ ಇಲ್ಲಿ ಇರುವ ಪರ್ಮಿಟ್ ಬೇಕಾದರೆ ತಿಂಗಳಿಗೆ ಸುಮಾರು 10 ಸಾವಿರ ಕ್ರೋನಾ ಲೆಕ್ಕದಲ್ಲಿ ಬ್ಯಾಂಕಿನಲ್ಲಿ ತೋರಿಸಬೇಕು. ವಿದ್ಯಾರ್ಥಿಗಳು ಇಷ್ಟೇ ಗಂಟೆ ದುಡಿಯಬೇಕು ಅನ್ನುವ ಮಿತಿ ನಾನು ಓದುವಾಗ ಇಲ್ಲಿ ಇರಲಿಲ್ಲ, ಅದು ದೊಡ್ಡ ಉಪಕಾರ ಆಯ್ತು. ನಾನು ಶುಕ್ರವಾರ, ಶನಿವಾರ ರಾತ್ರಿ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆದು ಬಾಡಿಗೆ ಕಟ್ಟುತ್ತಿದ್ದೆ. ತರಕಾರಿಗೆ ಮೊಲ್ಲೆವೊಂಗ್ ಚೌಕದ ಸಂತೆ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಹೋದರೆ ಟೊಮೆಟೊ, ಕೊತ್ತಂಬರಿ ಅರ್ಧ ಬೆಲೆಗೆ ಸಿಗುತ್ತೆ. ಇಷ್ಟು ಲೆಕ್ಕ ನೋಡುವವನಿಗೆ 3,000 ಕ್ರೋನಾ ಮಣ್ಣುಪಾಲಾದರೆ ಹೇಗಾಗುತ್ತೆ, ಹೇಳಬೇಕಾ? ಆಮೇಲೆ ಸುಮಾರು ಒಂದು ತಿಂಗಳು ಯಾವ ಪಾರ್ಟೂ ಕೊಳ್ಳಲಿಲ್ಲ.

ಕೊಳ್ಳೋಕೆ ಆಗದೇ ಇದ್ದದ್ದರಿಂದಲೇ ದಾರ ಬಂತು. ಬರ್ಚ್ ಪ್ಲೈವುಡ್ಡಿನ ತುಂಡಿನಲ್ಲಿ ಒಂದು ಬಾವುಟ ಕತ್ತರಿಸಿದೆ. ಅಂಗೈಗಿಂತ ಸ್ವಲ್ಪ ಚಿಕ್ಕದು. ಬೋರ್ಡಿನ ಪಕ್ಕದಲ್ಲಿ ಕೀಲು ಹಾಕಿ ನಿಲ್ಲಿಸಿದೆ. ಅದಕ್ಕೆ ಮೀನು ಹಿಡಿಯುವ ಗಾಳದ ನೈಲಾನ್ ದಾರ ಕಟ್ಟಿ, ಪೈಪ್ ಹೋಗುವ ತೂತಿನಿಂದ ಪಕ್ಕದ ಒಣಗಿಸುವ ಕೋಣೆಗೆ ಎಳೆದುಕೊಂಡೆ. ಬಾವುಟ ನಿಂತಿದ್ದರೆ ಮೆಷಿನ್ ಬುಕ್ ಮಾಡಿದವರದು, ಬಿದ್ದರೆ ಯಾರಾದರೂ ಹಾಕಬಹುದು. ಬಾಗಿಲಿಗೆ ನಾನೂ ಒಂದು ಚೀಟಿ ಅಂಟಿಸಿದೆ: ಇದು ಓದಿನ ಪ್ರಯೋಗ, ಒಳಗೆ ಒಬ್ಬ ವಿದ್ಯಾರ್ಥಿ ಕೂತಿದ್ದಾನೆ. ಒಪ್ಪಿಗೆ ಇದ್ದವರ ಸಹಿ ತಗೊಂಡೆ. ಮೂರ್ನಾಲ್ಕು ವಾರಾಂತ್ಯ ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು, ಕೈಯಲ್ಲಿ ಗಡಿಯಾರ ಹಿಡಿದು ಅಲ್ಲೇ ಕೂತೆ.

ಅಷ್ಟರಲ್ಲಿ ಕಂಡದ್ದು ಸ್ಟುಡಿಯೋದಲ್ಲಿ ಒಂದು ವರ್ಷ ಕೂತರೂ ಕಾಣುತ್ತಿರಲಿಲ್ಲ. ಮೊದಲು ಸರಿಯಾಗಿ 30 ನಿಮಿಷಕ್ಕೆ ಬಾವುಟ ಬೀಳಿಸುತ್ತಿದ್ದೆ. ಒಬ್ಬರು 32ನೇ ನಿಮಿಷಕ್ಕೆ ಬುಟ್ಟಿ ಹಿಡಿದು ಬಂದರು. ಬಿದ್ದ ಬಾವುಟ ನೋಡಿ ಅವರ ಮುಖ ಕೆಂಪಾಯ್ತು. ದಂಡ ಹಾಕಿದ ಹಾಗೆ ಅನ್ನಿಸಿತು ಅಂದರು. ಮರುದಿನ 20ನೇ ನಿಮಿಷಕ್ಕೆ ದಾರವನ್ನು ಅರ್ಧ ಮಾತ್ರ ಬಿಟ್ಟೆ. ಬಾವುಟ ವಾಲಿ ನಿಂತಿತು. ಹತ್ತು ನಿಮಿಷ ಬಿಟ್ಟು ಪೂರ್ತಿ ಬೀಳಿಸಿದೆ. ಆ ವಾಲುವಿಕೆ ಜಾದೂ ಮಾಡಿತು. ಪಕ್ಕದವರ ಬಾವುಟ ವಾಲಿದ್ದು ಕಂಡವರು ಮೆಟ್ಟಿಲು ಹತ್ತಿ ಹೋಗಿ ಬಾಗಿಲು ತಟ್ಟಿ ಹೇಳುತ್ತಿದ್ದರು. ಚೀಟಿ ಬರೆಯುತ್ತಿದ್ದ ಜನ ಬಾಗಿಲು ತಟ್ಟಿದರು!

ಇನ್ನೊಂದು ನಾನು ಊಹಿಸಿಯೇ ಇರಲಿಲ್ಲ. ಮೂರನೇ ಮಹಡಿಯ ಅಜ್ಜಿಯೊಬ್ಬರು ಕೆಳಗೆ ಬಂದರು. ವಾಲಿದ ಬಾವುಟವನ್ನು ಒಂದೇ ಬೆರಳಿನಿಂದ ಎತ್ತಿ ನೆಟ್ಟಗೆ ನಿಲ್ಲಿಸಿದರು. ಬಟ್ಟೆ ತರೋಕೆ ನಿಧಾನವಾಗಿ ವಾಪಸ್ ಹತ್ತಿದರು. ಒಳಗೆ ನನ್ನ ಕೈಯಲ್ಲಿದ್ದ ದಾರ ಸಡಿಲವಾಯ್ತು, ಅದರಿಂದಲೇ ನನಗೆ ಗೊತ್ತಾಗಿದ್ದು. ಕೂಡಲೇ ತೀರ್ಮಾನ ಮಾಡಿದೆ: ಕೈಯಿಂದ ಎತ್ತಿದರೆ ಹತ್ತು ನಿಮಿಷ ಜಾಸ್ತಿ. ಕೋಡಿನಲ್ಲಾದರೆ ಈ ಬದಲಾವಣೆಗೆ ವಾರ ಬೇಕು. ದಾರದಲ್ಲಿ ಅದೇ ಕ್ಷಣ ಆಯ್ತು. ಅಜ್ಜಿ ಬುಟ್ಟಿ ಹಿಡಿದು ಬರುವ ಹೊತ್ತಿಗೆ ಬಾವುಟ ಇನ್ನೂ ನಿಂತಿತ್ತು.

ಇದೇನು ನಾನು ಕಂಡುಹಿಡಿದ ವಿದ್ಯೆ ಅಲ್ಲ. 1981ರಿಂದ 85ರವರೆಗೆ ನಾರ್ಡಿಕ್ ದೇಶಗಳ ಪ್ರೆಸ್ ಕಾರ್ಮಿಕರ ಸಂಘಗಳ ಜೊತೆ ಯುಟೋಪಿಯಾ ಅನ್ನುವ ಯೋಜನೆ ನಡೆಯಿತು. ಅದರಲ್ಲಿ ಖಾಲಿ ರಟ್ಟಿನ ಡಬ್ಬದ ಮೇಲೆ ಲೇಸರ್ ಪ್ರಿಂಟರ್ ಅಂತ ಬರೆದಿಟ್ಟು, ಕಾರ್ಮಿಕರ ಕೈಯಲ್ಲಿ ಕೆಲಸ ಮಾಡಿಸಿ ನೋಡಿದರು. ಅದರ ಮುಂದಾಳುಗಳಲ್ಲಿ ಒಬ್ಬರಾದ ಪೆಲ್ಲೆ ಏನ್ ಆಮೇಲೆ ಮಾಲ್ಮೋದಲ್ಲೇ ಪ್ರೊಫೆಸರ್ ಆಗಿದ್ದರು. ಅಮೆರಿಕದಲ್ಲಿ ಜೆಫ್ ಹಾಕಿನ್ಸ್, ಪಾಮ್ ಪೈಲಟ್ ಅನ್ನುವ ಅಂಗೈ ಕಂಪ್ಯೂಟರ್ ಮಾಡುವ ಮುಂಚೆ ಅದೇ ಅಳತೆಯ ಮರದ ತುಂಡನ್ನು ಜೇಬಿನಲ್ಲಿಟ್ಟು ಓಡಾಡಿದ್ದರು. ನಾವೆಲ್ಲ ಇದನ್ನು ಸ್ಲೈಡಿನಲ್ಲಿ ನೋಡಿ ತಲೆ ಆಡಿಸುತ್ತೇವೆ. ಸ್ಟುಡಿಯೋಗೆ ಹೋದ ತಕ್ಷಣ ಫಿಗ್ಮಾ ತೆರೆಯುತ್ತೇವೆ.

ಈಗ ದಾರದ ಜಾಗಕ್ಕೆ ಸರ್ಕ್ಯೂಟ್ ಬರಬೇಕು. ನಾನು ಇಪ್ಪತ್ನಾಲ್ಕು ಗಂಟೆ ಅಲ್ಲಿ ಕೂರೋಕೆ ಆಗಲ್ಲವಲ್ಲ. ಮೆಷಿನ್ ಶುರುವಾಯ್ತು ಅಂತ ಆರ್ಡುಯಿನೋಗೆ ತಿಳಿಸುವುದು ಹೇಗೆ ಅನ್ನುವುದರಲ್ಲೇ ಚಳಿಗಾಲ ಕಳೆಯಿತು. ಡಿಸೆಂಬರಿನಲ್ಲಿ ಇಲ್ಲಿ ಹಗಲು ಅಂದರೆ ಏಳು ಗಂಟೆ. ಬೆಳಕು ನೋಡದೇ ಕೆಲಸ ಮಾಡಿದ ದಿನಗಳೇ ಜಾಸ್ತಿ.

ಎಲ್ಲರೂ ಹೇಳುವ ಹಾಗೆ ಎಂಪಿಯು-6050 ಅನ್ನುವ, ಅಲುಗಾಟ ಅಳೆಯುವ ಸೆನ್ಸರ್ ಅಂಟಿಸಿದೆ. ಮೆಷಿನ್ ಜೋರಾಗಿ ಅಲುಗುವುದು ಕೊನೆಯಲ್ಲಿ, ಬಟ್ಟೆ ಹಿಂಡುವಾಗ. ನನಗೆ ಬೇಕಾದ್ದು ಶುರುವಿನ ಸುದ್ದಿ. ಅದರ ಮೇಲೆ ಎರಡು ಮೆಷಿನ್ ಒಂದೇ ಕಾಂಕ್ರೀಟ್ ಕಟ್ಟೆಯ ಮೇಲೆ ಕೂತಿವೆ. ಒಂದು ಹಿಂಡಿದರೆ ಇನ್ನೊಂದರ ಸೆನ್ಸರ್ ಕುಣಿಯುತ್ತೆ. ಅದನ್ನು ಕಿತ್ತೆ. ಮೆಷಿನ್ನಿನ ಬಾಗಿಲಿಗೆ, ಮುಚ್ಚಿದಾಗ ತಿಳಿಸುವ ಮ್ಯಾಗ್ನೆಟ್ ಸ್ವಿಚ್ ಹಾಕಿದೆ. ಜನ ಬಟ್ಟೆ ತುಂಬಿ ಬಾಗಿಲು ಹಾಕಿ, ಸೋಪಿನ ಪುಡಿ ತರೋಕೆ ಮೇಲೆ ಹೋಗಿ ಮರೆಯುತ್ತಾರೆ. ಕರೆಂಟ್ ಅಳೆಯುವ ಕ್ಲ್ಯಾಂಪ್ ಹಾಕೋಣ ಅಂದರೆ ಅದು ತ್ರೀ ಫೇಸ್ ಮೆಷಿನ್. ಅದರ ಕರೆಂಟ್ ಡಬ್ಬಿ ತೆರೆಯೋಕೆ ಇಲ್ಲಿ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಬೇಕು. ಅವರ ಒಂದು ಗಂಟೆಯ ಕೂಲಿಗೆ ನನ್ನ ಒಂದು ವಾರದ ಊಟ ಮುಗಿಯುತ್ತೆ. ಮೈಕ್ ಇಡುತ್ತೇನೆ ಅಂದಾಗ ನೆರೆಯವರು ಬೇಡವೇ ಬೇಡ ಅಂದರು. ಅದು ಅವರ ಹಕ್ಕು, ನಾನು ವಾದ ಮಾಡಲಿಲ್ಲ.

ದಾರಿ ತೋರಿಸಿದ್ದು ಕುಕ್ಕರ್. ಆ ಚಳಿಗಾಲದಲ್ಲೇ ಸುಮ್ನೆ ಖುಷಿಗೆ ಒಂದು ಸೀಟಿ ಎಣಿಸುವ ಯಂತ್ರ ಮಾಡುತ್ತಿದ್ದೆ. ಐದು ಜನ ಹಂಚಿಕೊಂಡ ಅಡುಗೆಮನೆ ಅದು. ಬೇಳೆಗೆ ಮೂರು ಸೀಟಿ ಆಗುವವರೆಗೆ ನಾನು ಅಲ್ಲೇ ಕಾಯಬೇಕು, ಇಲ್ಲಾಂದ್ರೆ ಸೀಟಿಗೆ ಹೆದರಿ ಯಾರಾದರೂ ಒಲೆ ಆರಿಸುತ್ತಿದ್ದರು. ಕುಕ್ಕರಿನ ಬೇಕಲೈಟ್ ಹಿಡಿಗೆ ಒಂದು ಪೀಝೋ ಬಿಲ್ಲೆ ಕಟ್ಟಿದೆ, ನಡುಗಿದರೆ ಅದು ಸಣ್ಣ ಕರೆಂಟ್ ಹುಟ್ಟಿಸುತ್ತೆ. ಹತ್ತು ಹದಿನೈದು ಕ್ರೋನಾ ಬೆಲೆ. ಅದರ ಎರಡು ತಂತಿಗಳ ನಡುವೆ 1 ಮೆಗಾಓಮ್ ರೆಸಿಸ್ಟರ್, ಅಷ್ಟೇ. ಸೀಟಿ ಬಂದರೆ ಹಿಡಿ ನಡುಗುತ್ತೆ, ಪೀಝೋ ಹೇಳುತ್ತೆ. ಪಕ್ಕದಲ್ಲಿ ಯಾರು ಎಷ್ಟು ಜೋರಾಗಿ ಹಾಡು ಹಾಕಿದರೂ ಅದಕ್ಕೆ ಸಂಬಂಧ ಇಲ್ಲ. ಮೂರನೇ ಸೀಟಿಗೆ ನನ್ನ ಕೋಣೆಯಲ್ಲಿ ಕೆಂಪು ದೀಪ. ತುಂಬಾ ಚೆನ್ನಾಗಿ ಕೆಲಸ ಮಾಡಿತು, ಇವತ್ತೂ ಮಾಡುತ್ತೆ.

ಒಂದು ರಾತ್ರಿ ಅಂಥದೇ ಬಿಲ್ಲೆಯನ್ನು ಕೆಳಗೆ ತಗೊಂಡು ಹೋದೆ. ಮೆಷಿನ್ನಿನ ಹಿಂದೆ ನೀರು ಬರುವ ರಬ್ಬರ್ ಪೈಪ್ ಇರುತ್ತಲ್ಲ, ಅದಕ್ಕೆ ಕಟ್ಟಿದೆ. ಮೆಷಿನ್ ಶುರುವಾದ ಕೂಡಲೇ ಮಾಡುವ ಮೊದಲ ಕೆಲಸ ನೀರು ಎಳೆದುಕೊಳ್ಳುವುದು. ನೀರು ನುಗ್ಗುವಾಗ ಪೈಪ್ ಸಣ್ಣಗೆ ಗುಂಯ್ ಅನ್ನುತ್ತೆ. ಎರಡು ಮೆಷಿನ್ನಿಗೆ ಎರಡು ಪೈಪ್, ಗೊಂದಲವೇ ಇಲ್ಲ. ಆವತ್ತೇ ಗೊತ್ತಾಯ್ತು, ಗೆದ್ದೆ ಅಂತ. ತಣ್ಣೀರಿನ ಪೈಪ್ ಬೆವರುವುದರಿಂದ ಟೇಪು ನಿಲ್ಲಲ್ಲ. ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಮೇಲೆ ಕೇಬಲ್ ಟೈ ಬಿಗಿದೆ. ಮಾಲ್ಮೋದಲ್ಲಿ ಹಳೇ ಟ್ಯೂಬಿಗೆ ಬರ ಇಲ್ಲ, ಸೈಕಲ್ ರಿಪೇರಿಯವರು ಸುಮ್ಮನೆ ಕೊಡುತ್ತಾರೆ. ಪೈಪಿನ ಯಾವ ಜಾಗದಲ್ಲಿ ಕಟ್ಟಬೇಕು, ಮೇಲೆ ಯಾರಾದರೂ ನಲ್ಲಿ ತಿರುಗಿಸಿದರೆ ಬರುವ ಸುಳ್ಳು ಸಿಗ್ನಲನ್ನು ಹೇಗೆ ಬಿಡಬೇಕು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ.

ಬಾವುಟಕ್ಕೆ ಮೊದಲು ಎಸ್‌ಜಿ90 ಸರ್ವೋ ಅನ್ನುವ ಪುಟ್ಟ ಮೋಟರ್ ಹಾಕಿದ್ದೆ. ಕೈಯಿಂದ ಎತ್ತಿದವರು ಅದರ ಪ್ಲಾಸ್ಟಿಕ್ ಹಲ್ಲು ಮುರಿದರು. ಎತ್ತುವುದೇ ಈ ಡಿಸೈನಿನ ಜೀವಾಳ, ಅದನ್ನು ತಡೆಯುವ ಹಾಗಿಲ್ಲ. ಸರ್ವೋ ಕಿತ್ತು ಎರಡು ಪುಟ್ಟ ಎಲೆಕ್ಟ್ರೋಮ್ಯಾಗ್ನೆಟ್ (ಕರೆಂಟ್ ಇದ್ದಾಗ ಮಾತ್ರ ಹಿಡಿಯುವ ಅಯಸ್ಕಾಂತ) ಹಾಕಿದೆ. ಬಾವುಟದ ಬೆನ್ನಿಗೆ ಕಬ್ಬಿಣದ ವಾಷರ್. ಮೊದಲನೆಯದು ಬಿಟ್ಟರೆ ವಾಲುತ್ತೆ, ಎರಡನೆಯದು ಬಿಟ್ಟರೆ ಬೀಳುತ್ತೆ. ಬೀಳಿಸುವ ಕೆಲಸ ಭೂಮಿಯದು, ಮೋಟರ್ ಬೇಡ. ಬೀಳುವಾಗ ಬರುವ ಟಕ್ ಸದ್ದು ಕೋಣೆಯ ಆಚೆಗೂ ಕೇಳಬೇಕು, ಆದರೆ ಬೆಚ್ಚಿಬೀಳಿಸಬಾರದು. ಅದಕ್ಕೆ ಕೆಳಗೆ ಏನು ಅಂಟಿಸಿದ್ದೇನೆ ಅನ್ನುವುದು ಎರಡನೇ ಗುಟ್ಟು.

ಈ ಕೊನೆಯ ಪೆಟ್ಟಿಗೆಗೆ ಆದ ಖರ್ಚು ಹೆಚ್ಚೆಂದರೆ 700 ಕ್ರೋನಾ. ಆರ್ಡುಯಿನೋ ಮಾತ್ರ ಅಸಲಿಯೇ ಹಾಕಿದೆ, ಅದರಲ್ಲೇ ಸುಮಾರು ಅರ್ಧ ದುಡ್ಡು ಹೋಯ್ತು. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಡೇವಿಡ್ ಕ್ವಾರ್ತಿಯೆಲ್ಯೆಸ್ ಮಾಲ್ಮೋದಲ್ಲೇ ಕಲಿಸಿದವರು. ಈ ಊರಿನಲ್ಲಿ ನಕಲಿ ಬೋರ್ಡ್ ಹಾಕೋಕೆ ನನಗೆ ಮನಸ್ಸಾಗಲಿಲ್ಲ.

ವಸಂತದಲ್ಲಿ ನಿವಾಸಿಗಳ ಸಂಘದ ಸಭೆ ನಡೆಯಿತು. ಪೆಟ್ಟಿಗೆ ತೆಗೆಯಬೇಕಾ, ಇಡಬೇಕಾ ಅಂತ ಕೇಳಿದರು. ಇರಲಿ ಅಂತ ಕೈ ಎತ್ತಿದವರಲ್ಲಿ ಮೂರನೇ ಮಹಡಿಯ ಅಜ್ಜಿಯೇ ಮೊದಲಿಗರು. ಬಾಗಿಲ ಮೇಲಿನ ಚೀಟಿಗಳು ಅಷ್ಟು ಹೊತ್ತಿಗೆ ಒಂದೋ ಎರಡೋ ಉಳಿದಿದ್ದವು, ಅವೂ ಡ್ರೈಯರಿನ ಜಾಲರಿ ಒರೆಸದವರ ಬಗ್ಗೆ. ನೌಕರಿಯ ಸಂದರ್ಶನದಲ್ಲಿ ನನ್ನ ಪೋರ್ಟ್‌ಫೋಲಿಯೋದಲ್ಲಿದ್ದ ಆ್ಯಪ್ ಸ್ಕ್ರೀನುಗಳನ್ನು ಸಂದರ್ಶನ ಮಾಡುವವರು ಸರಸರ ದಾಟಿಸಿದರು. ದಾರ ಹಿಡಿದು ಕೂತ ಫೋಟೋ ಬಂದಾಗ ನಿಲ್ಲಿಸಿದರು. ಉಳಿದ ಹೊತ್ತೆಲ್ಲ ಅದರದೇ ಮಾತು. ಬೆಂಗಳೂರಿನ ಗೆಳೆಯನಿಗೆ ಆಫರ್ ಲೆಟರಿನ ಫೋಟೋ ಕಳಿಸಿದೆ. "ಆಯ್ತಪ್ಪ, ನಿನ್ ದಾರಾನೇ ದೊಡ್ದು" ಅಂದ.

ಈಗ ಅವನೇ ಒಂದು ಕೆಲಸ ಹೇಳಿದ್ದಾನೆ. ವೈಟ್‌ಫೀಲ್ಡಿನ ಅವರ ಅಪಾರ್ಟ್‌ಮೆಂಟಿನಲ್ಲಿ ಎಲೆಕ್ಟ್ರಿಕ್ ಗಾಡಿ ಚಾರ್ಜ್ ಮಾಡುವ ಜಾಗ ಎರಡೇ ಇವೆ. ಚಾರ್ಜ್ ಮುಗಿದ ಮೇಲೂ ಗಾಡಿ ತೆಗೆಯಲ್ಲ ಅಂತ ವಾಟ್ಸಾಪ್ ಗುಂಪಿನಲ್ಲಿ ದಿನಾ ರಂಪ. ಅಲ್ಲೂ ಇಂಥದೇ ಬಾವುಟ ಹಾಕೋಣ ಅಂತ, ಊರಿಗೆ ಹೋದಾಗ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿನಿಂದ ಎಲೆಕ್ಟ್ರೋಮ್ಯಾಗ್ನೆಟ್ ತಂದಿದ್ದೇನೆ. ಇಲ್ಲಿನ ಬೆಲೆಯ ಕಾಲುಭಾಗ, ಆದರೆ ಎರಡು ಗಂಟೆ ಹಿಡಿದರೆ ಸ್ವಲ್ಪ ಜಾಸ್ತಿಯೇ ಬಿಸಿಯಾಗುತ್ತೆ. ಅದಕ್ಕೆ 5 ವೋಲ್ಟ್ ಬದಲು 3.3 ಕೊಟ್ಟು ನೋಡುತ್ತಿದ್ದೇನೆ. ಬಾವುಟ ಸದ್ಯಕ್ಕೆ ನಿಲ್ಲುತ್ತಿದೆ, ಬೇಸಿಗೆಯ ಗಾಳಿಗೂ ನಿಂತರೆ ಮೇ ತಿಂಗಳಲ್ಲಿ ಅಲ್ಲೇ ಹೋಗಿ ಕೂರುತ್ತೇನೆ.