ಗಂಟು ಬೀಳಬೇಕಾದ್ದು ಬಿಳಿ ತೊಟ್ಟಿನ ಮೇಲೆ

ಸಂಜೆ ಮುಡಿದ ಮಲ್ಲಿಗೆ ಬೆಳಗಾಗುವಷ್ಟರಲ್ಲಿ ಉದುರಿ ದಾರದಲ್ಲಿ ಬರೀ ಹಸಿರು ಬಟ್ಟಲುಗಳು ಉಳಿದರೆ, ಹೂ ಹಳೆಯದಿತ್ತು ಅನ್ನುತ್ತಾರೆ. ಮುಂಬೈಯ ಮಾಟುಂಗಾದಲ್ಲಿ ಹೂ ಕಟ್ಟುತ್ತಾ ನಾನು ಕಂಡುಕೊಂಡ ಹಾಗೆ, ಬಹಳ ಸಲ ತಪ್ಪು ಹೂವಿನದಲ್ಲ, ಗಂಟು ಬಿದ್ದ ಜಾಗದ್ದು.

ದುಂಡುಮಲ್ಲಿಗೆಯ ಒಂದು ಮೊಗ್ಗನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿ. ದಾದರ್ ಮಾರುಕಟ್ಟೆಯಲ್ಲಿ ಇದನ್ನೇ ಮೊಗ್ರಾ ಅನ್ನುವುದು. ತೀರಾ ಕೆಳಗೆ ಗಿಡಕ್ಕೆ ಅಂಟಿಕೊಂಡಿದ್ದ ಹಸಿರು ತೊಟ್ಟು, ಕೆಲವೇ ಮಿಲಿಮೀಟರ್. ಅದರ ತುದಿಗೆ ಕೂದಲೆಳೆಯಂಥ ಎಂಟೊಂಬತ್ತು ಹಲ್ಲುಗಳ ಹಸಿರು ಬಟ್ಟಲು. ಬಟ್ಟಲೊಳಗಿಂದ ಎದ್ದ ಬಿಳಿ ಭಾಗ ಸುಮಾರು ಒಂದು ಸೆಂಟಿಮೀಟರ್, ಅದರ ಮೇಲೆ ಮೊಗ್ಗು. ಕಟ್ಟುವವರೆಲ್ಲ ಈ ಬಿಳಿ ಭಾಗವನ್ನೇ ತೊಟ್ಟು ಅನ್ನುತ್ತೇವೆ. ನಿಜಕ್ಕೂ ಅದು ತೊಟ್ಟಲ್ಲ, ಎಸಳುಗಳೇ ಬುಡದಲ್ಲಿ ಒಂದಾಗಿ ಆದ ಕೊಳವೆ. ಅರಳಿದ ಹೂವಿಗೆ ವಯಸ್ಸಾದಾಗ ಎಸಳೂ ಕೊಳವೆಯೂ ಒಟ್ಟಿಗೇ ಬಟ್ಟಲಿನಿಂದ ಕಳಚಿ ಬೀಳುತ್ತವೆ, ಬಟ್ಟಲು ಗಿಡದಲ್ಲೇ ಉಳಿಯುತ್ತದೆ. ಗಂಟು ಹಸಿರಿನ ಮೇಲೆ ಬಿದ್ದಿದ್ದರೆ ಮಾಲೆಯಲ್ಲೂ ಅದೇ ಆಗುತ್ತದೆ. ಬಿಳಿ ಕೊಳವೆಯ ನಡುಮಧ್ಯೆ ಬಿದ್ದಿದ್ದರೆ ಬಟ್ಟಲು ಕಳಚಿದರೂ ಹೂ ನಿಲ್ಲುತ್ತದೆ. ಹಾಗೆಂದು ಬಟ್ಟಲನ್ನು ಮೊದಲೇ ಚಿವುಟಿ ತೆಗೆಯಬಾರದು. ಕೊಳವೆ ಗಂಟಿನಿಂದ ಜಾರಿ ಹೊರಬರದಂತೆ ತಡೆಯುವುದು ಅದೇ.

ಬಾಳೆನಾರನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಉಗುರಿನಿಂದ 2 ಮಿಲಿಮೀಟರ್ ಅಗಲಕ್ಕೆ ಸೀಳಿಕೊಳ್ಳುತ್ತೇನೆ. ನಾರು ಚಪ್ಪಟೆ ಇರುವುದರಿಂದ ಬಿಗಿದರೂ ಕೊಳವೆಯನ್ನು ಕತ್ತರಿಸುವುದಿಲ್ಲ, ಒಣಗುತ್ತಾ ಕುಗ್ಗಿ ಇನ್ನಷ್ಟು ಹಿಡಿದುಕೊಳ್ಳುತ್ತದೆ. ನಾರು ಸಿಗದಿದ್ದರೆ ಹತ್ತಿ ದಾರ, ಅದೂ ಒದ್ದೆ ಮಾಡಿ, ಎರಡೆಳೆ. ನೈಲಾನ್ ದಾರ ಬೇಡವೇ ಬೇಡ. ಒಳಗೆ ಟೊಳ್ಳಾದ ಮೆತ್ತನೆಯ ಕೊಳವೆಗೆ ಅದು ಚಾಕುವಿದ್ದಂತೆ.

ಎಡಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಎರಡು ಮೊಗ್ಗು ಎಡಕ್ಕೆ ಮುಖ ಮಾಡಿ, ಎರಡು ಬಲಕ್ಕೆ ಮುಖ ಮಾಡಿ ಇಡಿ. ನಾಲ್ಕೂ ಕೊಳವೆಗಳು ನಡುವೆ ಒಂದರ ಮೇಲೊಂದು ಬರಬೇಕು. ನಾರನ್ನು ಅವುಗಳ ಸುತ್ತ ಒಂದು ಸುತ್ತು ತಂದು, ಬಲಗೈ ಬೆರಳಿನಲ್ಲಿ ಕುಣಿಕೆ ತಿರುಚಿ, ಒಂದು ಪಕ್ಕದ ಮೊಗ್ಗುಗಳ ಮೇಲಿಂದ ಹಾಯಿಸಿ ಕೊಳವೆಗಳ ಮೇಲೆ ಕೂರಿಸಿ. ಮಾಲೆ ಸಾಗುವ ದಿಕ್ಕಿಗೇ ಎಳೆಯಬೇಕು. ಮೇಲಕ್ಕೆ ಎಳೆದರೆ ಕೊಳವೆ ಬಾಗಿ ಅಲ್ಲೇ ಮುರಿಯುತ್ತದೆ. ಬಿಗಿ ಎಷ್ಟು ಅಂದರೆ, ಮೊಗ್ಗು ಅಲುಗಾಡಬಾರದು, ಸ್ವಲ್ಪ ಹೊತ್ತಿನ ಮೇಲೆ ಕೊಳವೆಯಲ್ಲಿ ಕಂದು ಗೆರೆ ಮೂಡಬಾರದು. ಹತ್ತು ಗಂಟಾದ ಮೇಲೆ ಮಾಲೆಯನ್ನು ತಲೆಕೆಳಗೆ ಹಿಡಿದು ಮೆಲ್ಲಗೆ ಕೊಡವಿ ನೋಡುತ್ತೇನೆ. ಒತ್ತಾಗಿ ಕಟ್ಟಿದರೆ ಒಂದು ಮೊಳಕ್ಕೆ ನನಗೆ 160ರಿಂದ 180 ಮೊಗ್ಗು ಬೇಕಾಗುತ್ತದೆ.

ಮೊಗ್ಗು ಬಿರಿಯುವುದು ಸಂಜೆಗೆ. ಆದ್ದರಿಂದ ಬೆಳಿಗ್ಗೆ ತಂದದ್ದನ್ನು ಮಧ್ಯಾಹ್ನ ಮೂರರೊಳಗೆ ಕಟ್ಟಿ ಮುಗಿಸುವುದು ವಾಸಿ. ಅರಳಿದ ಹೂ ಬೆರಳಿಗೂ ಸಿಗದು, ಗಂಟಿಗೂ ಸಿಗದು. ಮುಂಬೈ ಮಳೆಗಾಲದ್ದು ಇನ್ನೊಂದು ತೊಂದರೆ. ನೆನೆದ ಮೊಗ್ಗಿನ ಕೊಳವೆ ಗಾಜಿನಂತೆ ಪಾರದರ್ಶಕವಾಗಿರುತ್ತದೆ, ಮುಟ್ಟಿದರೆ ನುಜ್ಜಾಗುತ್ತದೆ. ಅಂಥವನ್ನು ಆರಿಸಿ ಎಸೆದು, ಉಳಿದದ್ದನ್ನು ಹತ್ತಿ ಬಟ್ಟೆಯ ಮೇಲೆ ಹರಡಿ ಫ್ಯಾನಿನ ಕೆಳಗೆ ಇಪ್ಪತ್ತು ನಿಮಿಷ ಬಿಟ್ಟ ಮೇಲೆಯೇ ಕೈ ಹಚ್ಚಬೇಕು.

ಕಲಿಯುವವರಿಗೆ ಒಳ್ಳೆಯ ಪಾಠ ಉಡುಪಿ ಮಲ್ಲಿಗೆಯಲ್ಲಿದೆ. ಊರಲ್ಲೇ ಬಾಳೆನಾರಿನಲ್ಲಿ ಕಟ್ಟಿ ಬರುವ ಈ ಹೂವಿನ ಲೆಕ್ಕ 800ಕ್ಕೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಗೇಣು ಬಿಡಿಸಿ ಗಂಟು ಎಲ್ಲಿ ಕೂತಿದೆ ಎಂದು ನೋಡಿ. ಅಷ್ಟು ಅಂದವಾದ ಕೈಕೆಲಸ ನನ್ನಿಂದ ಇನ್ನೂ ಆಗಿಲ್ಲ.

ಕನಕಾಂಬರಕ್ಕೆ ಇಲ್ಲಿ ಅಬೋಲಿ ಅನ್ನುತ್ತಾರೆ. ಇದರ ಹೂವಿಗೆ ತನ್ನದೆನ್ನುವ ತೊಟ್ಟೇ ಇಲ್ಲ, ತೆನೆಗೆ ನೇರವಾಗಿ ಕೂತಿರುತ್ತದೆ. ಎಳೆದಾಗ ಬಟ್ಟಲು ತೆನೆಯಲ್ಲೇ ಉಳಿದು ದಾರದಷ್ಟು ಸಣ್ಣ ಕೊಳವೆ ಮಾತ್ರ ಕೈಗೆ ಬರುತ್ತದೆ. ಜಾರುವುದನ್ನು ತಡೆಯಲು ಏನೂ ಇಲ್ಲದ್ದರಿಂದ ಪಕ್ಕಕ್ಕೆ ನಾಲ್ಕರಂತೆ ಸೇರಿಸಿ, ಕೊಳವೆಯ ಬಾಲ 4–5 ಮಿಲಿಮೀಟರ್ ಗಂಟಿನಾಚೆ ಉಳಿಯುವಂತೆ ಕಟ್ಟಬೇಕು. ಮಲ್ಲಿಗೆಗಿಂತ ಬಿಗಿ ಹೆಚ್ಚು.

ಸೇವಂತಿಗೆ, ಚೆಂಡುಹೂಗಳದ್ದು ನಿಜವಾದ ತೊಟ್ಟು. ಸೇವಂತಿಗೆಗೆ ಒಂದೂವರೆ ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಗಂಟನ್ನು ಹೂವಿನ ಬುಡಕ್ಕೇ ಹಾಕಿದರೆ ತಲೆ ವಾಲುವುದಿಲ್ಲ. ತೊಟ್ಟು ಕಿತ್ತುಹೋದದ್ದು ಸೂಜಿಗೆ. ಚೆಂಡುಹೂವಿನ ತೊಟ್ಟು ತಲೆಯ ಕೆಳಗೆ ಉಬ್ಬಿ ಟೊಳ್ಳಾಗಿರುತ್ತದೆ, ಸೂಜಿ ಅಲ್ಲಿಂದ ಸಲೀಸಾಗಿ ನಡುವಿಗೆ ಏರುತ್ತದೆ. ಅರ್ಧ ಸೆಂಟಿಮೀಟರ್ ಉಳಿಸಿಯೇ ಕತ್ತರಿಸಿ. ಕತ್ತರಿ ಹಸಿರು ಬಟ್ಟಲಿಗೇ ತಗುಲಿದರೆ ಎಸಳೆಲ್ಲ ಕೈಗೆ ಬಂತೆಂದೇ ಲೆಕ್ಕ, ಏಕೆಂದರೆ ಅಲ್ಲಿ ಒಂದೊಂದು ಎಸಳೂ ಒಂದೊಂದು ಪುಟ್ಟ ಹೂವು, ಅವನ್ನೆಲ್ಲ ಒಟ್ಟಿಗೆ ಹಿಡಿದಿರುವುದು ಆ ಬಟ್ಟಲೇ.

ಪಾರಿಜಾತವನ್ನು ಕಟ್ಟಲು ಹೋಗಬೇಡಿ. ಅದರ ಕೇಸರಿ ತೊಟ್ಟೂ ಕೊಳವೆಯೇ, ಅದೂ ತಾನಾಗಿ ಕಳಚಿ ನೆಲಕ್ಕೆ ಬಿದ್ದದ್ದು. ಸಣ್ಣ ಸೂಜಿಯನ್ನು ಹೂವಿನ ಬಾಯಿಯಿಂದ ಒಳಕ್ಕೆ ಬಿಟ್ಟು ಕೊಳವೆಯ ತುದಿಯಲ್ಲಿ ಹೊರತೆಗೆದರೆ, ಒಂದರ ಕೇಸರಿ ಬಾಲ ಇನ್ನೊಂದರ ಬಿಳಿ ಮಡಿಲಲ್ಲಿ ಕೂರುತ್ತದೆ. ಬೆಳಿಗ್ಗೆ ಎಂಟರೊಳಗೆ ಪೋಣಿಸಿ ದೇವರಿಗೆ ಏರಿಸಿಬಿಡಿ.