ಆರು ಕಲ್ಲುಕಂಬ, ಮೂರು ಬಣ್ಣ

ತಾಲ್ಲೂಕಿನ ಒಂದು ಸಭೆಯಲ್ಲಿ ಸಾಹೇಬರೊಬ್ಬರು ಕೇಳಿದ್ದರು, "ಕಂಬಕ್ಕೆ ಬಣ್ಣ ಬಳಿದ್ರೆ ಹೊಳೆ ನಿಲ್ಲುತ್ತೇನ್ರೀ?" ಎಲ್ಲರೂ ನಕ್ಕರು. ನಾನೂ ನಕ್ಕೆ. 2024ರ ಆಗಸ್ಟ್ ಆದ ಮೇಲೆ ಯಾರೂ ನಕ್ಕಿಲ್ಲ. ಹೊಳೆ ನೀರು ಊರೊಳಗೆ ಎಲ್ಲಿವರೆಗೆ ಏರುತ್ತದೆ ಅಂತ ಕಂಬದ ಮೇಲೆ ಬಣ್ಣದ ಗೆರೆ ಹಾಕಿದ ಕಥೆಯನ್ನು ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕಂಪ್ಲಿಯಿಂದ ಕೆಳಗೆ, ತುಂಗಭದ್ರೆ ದಂಡೆಯ ಊರು. ಮುನ್ನೂರು ಮನೆ ಇರಬಹುದು. ನೆರೆ ಬಂದರೆ ಏನು ಮಾಡಬೇಕು ಅಂತ ರಂಗೋಲಿಯಲ್ಲಿ ಬಿಡಿಸಿದ ಊರ ನಕ್ಷೆ, ಸಮಿತಿ, ರಿಜಿಸ್ಟರ್, ಗ್ರೂಪ್ ಫೋಟೋ ಎಲ್ಲ ನಾವೂ ಮಾಡಿದ್ದೆವು. ಮೂರು ದಿನದ ತರಬೇತಿಗೆ ಹನ್ನೊಂದು ಸಾವಿರ ಹೋಯಿತು, ಅದರಲ್ಲಿ ಅರ್ಧ ಒಗ್ಗರಣೆ-ಮಿರ್ಚಿಗೇ. ಕೊನೆಗೆ ಬಂದದ್ದು ನಲವತ್ತು ಪುಟದ ಪುಸ್ತಕ. ಅದು ಈಗಲೂ ಬೀರುವಿನಲ್ಲಿ ಭದ್ರವಾಗಿದೆ.

ಆಮೇಲೆ ಸೈರನ್. ಹದಿನಾಲ್ಕು ಸಾವಿರ. ಮೊದಲ ಮಳೆಗಾಳಿಗೇ ಕರೆಂಟ್ ಹೋಯಿತು, ಸೈರನ್ ಸುಮ್ಮನಾಯಿತು. ಬ್ಯಾಟರಿ ಹಾಕಿಸಿದರೆ ಹುಡುಗರು ಜಾತ್ರೆಗೆ ಒಯ್ದು ಊದಿದರು. ವಾಟ್ಸಾಪ್ ಗುಂಪಿನ ಕಥೆ ಬೇಡವೇ ಬೇಡ.

ಕಂಬದ ಯೋಚನೆ ಬಂದದ್ದು ಟಿವಿ ನೋಡುವಾಗ. ಸುದ್ದಿಯಲ್ಲಿ ತುಂಗಭದ್ರಾ ಡ್ಯಾಮಿಂದ "ಲಕ್ಷ ಕ್ಯೂಸೆಕ್ ಬಿಟ್ಟಿದ್ದಾರೆ" ಅಂತಾರೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ನಮ್ಮವರಿಗೆ ಕ್ಯೂಸೆಕ್ ಗೊತ್ತಿಲ್ಲ. ಗೊತ್ತಿರುವುದು ಒಂದೇ, ಕಂಪ್ಲಿ ಸೇತುವೆ ಮುಳುಗಿತಾ ಇಲ್ವಾ. ಹಾಗಾದರೆ ಕ್ಯೂಸೆಕ್ಕನ್ನೇ ಪ್ರತಿ ಮನೆಯ ಹೊಸ್ತಿಲಿಗೆ ತಂದು ನಿಲ್ಲಿಸಿದರೆ?

ಮೊದಲು ಕರೆಂಟ್ ಕಂಬದ ಮೇಲೆ ಅಡಿ ಲೆಕ್ಕದಲ್ಲಿ ಗೆರೆ ಎಳೆದೆವು. ಲೈನ್‌ಮನ್ ಬೈದ. ಜನ ತಿರುಗಿಯೂ ನೋಡಲಿಲ್ಲ. ಏಳಡಿ ಅಂದರೆ ಎಲ್ಲಿಂದ ಏಳಡಿ? ಒಂದು ವರ್ಷ ಹಾಳು.

ಎರಡನೇ ಸಲ ಬೇಲಿಗೆ ಹಾಕುವ ಕಲ್ಲುಕಂಬ ತಂದೆವು. ಆರು ಕಂಬ, ಸಾಗಣೆ ಸೇರಿ ಮೂರು ಸಾವಿರದ ಆಸುಪಾಸು. ಬಣ್ಣಕ್ಕೆ ಎರಡೂವರೆ ಸಾವಿರ. ನೀರು ತುಂಬಿ ಎರಡು ಕಡೆಯ ಮಟ್ಟ ಸರಿ ನೋಡುವ ಗಾರೆಯವರ ಲೆವೆಲ್ ಪೈಪು ಬಾಡಿಗೆಗೆ ಸಿಕ್ಕಿತು. ಗ್ರಾಮ ಪಂಚಾಯ್ತಿಯಿಂದ ಬರಬೇಕಿದ್ದ ದುಡ್ಡು ಇನ್ನೂ ದಾರಿಯಲ್ಲಿದೆ. ನನ್ನ ಜೇಬಿಂದ ಹೋದದ್ದು ಒಂದು ನಾಲ್ಕು ಸಾವಿರ.

ಜಗಳ ಹತ್ತಿದ್ದು 2009ರ ನೀರು ಎಲ್ಲಿಗೆ ಬಂದಿತ್ತು ಅಂತ. ಗಂಡಸರು ಒಬ್ಬರಿಗಿಂತ ಒಬ್ಬರು ಎತ್ತರ ತೋರಿಸಿದರು. ಒಬ್ಬ ಅಜ್ಜನ ಲೆಕ್ಕ ನಂಬಿದ್ದರೆ ಗುಡಿ ಕಳಸವೂ ಮುಳುಗಿರಬೇಕಿತ್ತು! ಕೊನೆಗೆ ಕೆಳಗಿನ ಓಣಿಯ ಹೆಂಗಸೊಬ್ಬರು ಬಂದು, "ಗುಡಿ ಹಿಂದಿನ ಗ್ವಾಡಿ ಕೆರೀರಿ" ಅಂದರು. ಹನುಮಪ್ಪನ ಗುಡಿಯ ಹಿಂಗೋಡೆಯನ್ನು ಎರಡು ರೂಪಾಯಿ ನಾಣ್ಯದಿಂದ ಮೆಲ್ಲಗೆ ಕೆರೆದೆ. ಸುಣ್ಣದ ಒಂದು ಪದರ ಹೋಯಿತು, ಎರಡು ಹೋಯಿತು. ನಾಲ್ಕನೆಯದರ ಕೆಳಗೆ ಬೆರಳಗಲದ ಕಂದು ಗೆರೆ ಸಿಕ್ಕಿತು. ಮುಟ್ಟಿದರೆ ಸಣ್ಣ ರೇವೆ ಉದುರಿತು. ಗೋಡೆ ಉದ್ದಕ್ಕೂ ಗೆರೆ ನೆಟ್ಟಗೆ ಹೋಗಿತ್ತು. ಜಗಳ ಅಲ್ಲಿಗೇ ಮುಗಿಯಿತು. ಅಲ್ಲಿಂದ ಪೈಪು ಹಿಡಿದು ಆರೂ ಕಂಬಕ್ಕೆ ಕೆಂಪು ಗೆರೆ ಒಯ್ದೆವು.

ಕೆಂಪಿಗಿಂತ ಕೆಳಗಿನ ಹಸಿರು, ಹಳದಿ ಗೆರೆಗೆ ನಾಲ್ಕು ಮಳೆಗಾಲ ಬೇಕಾಯಿತು. ಡ್ಯಾಮಿಂದ ಎಷ್ಟು ಬಿಟ್ಟರು, ಎಷ್ಟು ಗಂಟೆ ಬಿಟ್ಟು ನಮ್ಮ ಹೊಳೆ ಮೆಟ್ಟಿಲಿಗೆ ಬಂತು, ಎಷ್ಟನೇ ಮೆಟ್ಟಿಲು ಅಂತ ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ನಮ್ಮೂರಿಗೆ ಹೆಚ್ಚುಕಮ್ಮಿ ಎಂಟು ಗಂಟೆ. ಮೆಟ್ಟಿಲಿನ ಲೆಕ್ಕವನ್ನು ಓಣಿಗೆ ಒಯ್ಯುವಾಗ ಹೊಳೆಯ ಇಳಿಜಾರಿಗೆ ಒಂದಿಷ್ಟು ಕಳೆಯಬೇಕು, ಅದೆಷ್ಟು ಅನ್ನೋದು ನಮ್ಮ ಹತ್ತಿರವೇ ಇರಲಿ. ರಾತ್ರಿ ನೀರು ಬಿಟ್ಟ ಸುದ್ದಿ ಟಿವಿಗಿಂತ ಮೊದಲು ನನಗೆ ಯಾರು ಹೇಳ್ತಾರೆ ಅನ್ನೋದನ್ನೂ ಕೇಳಬೇಡಿ. ಹಗರಿ ಹೊಳೆ ಬಂದು ಸೇರುವ ಜಾಗದಿಂದ ಕೆಳಗಿನ ಊರುಗಳಿಗೆ ಈ ಲೆಕ್ಕ ನಡೆಯಲ್ಲ. ಅಲ್ಲಿ ಎರಡು ಹೊಳೆಯ ನೀರು.

ನಡುವೆ ಎರಡು ಹುಚ್ಚು ಪ್ರಯೋಗವೂ ಆಯಿತು. ಹತ್ತು ಗುಂಟೆಯಲ್ಲಿ ಮುಳುಗಡೆ ತಡೆಯುವ ತಳಿ ಸ್ವರ್ಣ ಸಬ್-1 ಭತ್ತ ಹಾಕಿದೆ. ವಾರದ ಮೇಲೆ ನೀರಲ್ಲಿದ್ದೂ ಬದುಕಿತು. ಆದರೆ ಸೋನಾ ಮಸೂರಿ ಸೀಮೆಯಲ್ಲಿ ಅದನ್ನು ಕೇಳುವವರಿಲ್ಲ, ಮಿಲ್ಲಿನವರು ಮೂಸಿಯೂ ನೋಡಲಿಲ್ಲ. ಇನ್ನೊಂದು, ನೀರು ಏರಿದಾಗ ಮೇಲೆ ಎಳೆಯಲು ಹೊಳೆಯ ಪಂಪ್‌ಸೆಟ್‌ಗೆ ಕಬ್ಬಿಣದ ಚಕ್ರದ ಗಾಡಿ. ಒಂದಕ್ಕೆ ಮೂರೂವರೆ ಸಾವಿರ. ಮೋಟಾರ್ ಮುಳುಗಿದರೆ ವೈಂಡಿಂಗಿಗೇ ಆರೇಳು ಸಾವಿರ ಅಲ್ವಾ? ಹೀಗಾಗಿ ಇದು ಮಾತ್ರ ಕೇಳದೇ ಹಬ್ಬಿತು.

2024ರ ಆಗಸ್ಟ್ 10, ಶನಿವಾರ ರಾತ್ರಿ. ಡ್ಯಾಮ್ ತುಂಬಿತ್ತು. 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಂದು ಗಂಟೆಯ ಹೊತ್ತಿಗೆ ಊರಲ್ಲಿ "ಡ್ಯಾಮ್ ಒಡೀತಂತೆ" ಅನ್ನೋ ಕೂಗು. ಮೇಲಿನ ಓಣಿಯವರೂ ಟ್ರ್ಯಾಕ್ಟರ್‌ಗೆ ಟ್ರಂಕು ಏರಿಸುತ್ತಿದ್ದರು. ಕೆಳಗಿನ ಓಣಿಯ ಆ ಹೆಂಗಸು ಬ್ಯಾಟರಿ ಹಿಡಿದು ಕಂಬದ ಹತ್ತಿರ ನಿಂತಿದ್ದರು. ನನ್ನನ್ನು ನೋಡಿದವರೇ, "ಏನ್ ಸಾರ್, ಕಂಬ ಏನಂತೈತಿ?" ಅಂದರು.

ಕಂಬ ಹೇಳಿದ್ದು ಇಷ್ಟು: ಹೋದ ಗೇಟಿಂದ ಸುಮಾರು 35 ಸಾವಿರ ಕ್ಯೂಸೆಕ್, ಭಾರ ಇಳಿಸಲು ಉಳಿದ ಗೇಟು ತೆಗೆದರೆ ಒಟ್ಟು ಲಕ್ಷದ ಹತ್ತಿರ. ಜುಲೈ ಕೊನೆಗೆ ಇದಕ್ಕಿಂತ ಜಾಸ್ತಿ ನೀರು ಹೋಗಿತ್ತು, ಹಳದಿ ಗೆರೆಯನ್ನೂ ಮುಟ್ಟಿರಲಿಲ್ಲ. ಇನ್ನೊಂದು ಗೇಟ್ ಹೋದರೆ? ಅದು ಕಂಬಕ್ಕೆ ಗೊತ್ತಿಲ್ಲ, ನನಗೂ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವತ್ತು ಮನೆಯವರನ್ನು ಗಂಗಾವತಿಗೆ ಕಳಿಸಿಬಿಡಲೇ ಅಂತ ನನಗೂ ಅನ್ನಿಸಿತ್ತು. ಕಳಿಸಲಿಲ್ಲ. ಮುದುಕರು, ಬಸುರಿಯರು, ಬಾಣಂತಿಯರು ಸೇರಿ ನಲವತ್ತು ಜನರನ್ನು ದಿಬ್ಬದ ಶಾಲೆಗೆ ಸೇರಿಸಿದೆವು. ಉಳಿದವರು ಹೊಳೆಗೆ ಹೋಗಿ ಪಂಪ್ ಎಳೆದರು. ಬೆಳಗಾಗುವಷ್ಟರಲ್ಲಿ ಇಪ್ಪತ್ತೆರಡೋ ಇಪ್ಪತ್ಮೂರೋ ಮೇಲೆ ಬಂದಿದ್ದವು. ಪಕ್ಕದೂರಿನವರು ರಾತ್ರಿಯೆಲ್ಲ ರಸ್ತೆಯಲ್ಲಿದ್ದರು, ಅವರ ಪಂಪ್‌ಗಳು ನೀರಲ್ಲಿದ್ದವು. ನೀರು ಹಸಿರು ಗೆರೆಗಿಂತ ಒಂದು ಗೇಣು ಕೆಳಗೇ ನಿಂತಿತು.

2025ರಲ್ಲಿ ಡ್ಯಾಮಿನಲ್ಲಿ 80 ಟಿಎಂಸಿಗಿಂತ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಜಾಸ್ತಿ ನಿಲ್ಲಿಸಲಿಲ್ಲ. ಹೊಳೆಗೆ ಬೇಗ ನೀರು ಬಂತು, ನೋಟ್‌ಬುಕ್ಕಿಗೆ ಇನ್ನಷ್ಟು ಪುಟ ಸೇರಿದವು. ಪಕ್ಕದೂರಿನವರು ಲೆವೆಲ್ ಪೈಪು ಒಯ್ದಿದ್ದಾರೆ, ಇನ್ನೂ ವಾಪಸ್ ಕೊಟ್ಟಿಲ್ಲ. ನಮ್ಮ ಮೂರನೇ ಕಂಬಕ್ಕೆ ಯಾರೋ ಎಮ್ಮೆ ಕಟ್ಟುತ್ತಾರೆ, ಅದು ಮೈ ಉಜ್ಜಿ ಉಜ್ಜಿ ಹಳದಿ ಪೂರ್ತಿ ಅಳಿಸಿದೆ. ಮುಂಗಾರಿಗೆ ಮೊದಲು ಬಳಿಯಬೇಕು, ಅರ್ಧ ಲೀಟರ್ ಸಾಕು.