ಅಂಗನವಾಡಿ ಸಂಘಕ್ಕೆ ಒಂದು ಪುಟದ ಧ್ಯೇಯ ಬರೆದದ್ದು ಹೀಗೆ

ನಮ್ಮ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರ ಸಂಘಕ್ಕೆ ನಾನು ಕಾರ್ಯದರ್ಶಿಯಾದಾಗ ಹಿಂದಿನವರು ಕೈಗೆ ಕೊಟ್ಟದ್ದು ಒಂದು ರಸೀದಿ ಪುಸ್ತಕ, ಒಂದು ಹಳೆಯ ಕರಪತ್ರ. ಕರಪತ್ರದಲ್ಲಿ ಸಂಘದ ಧ್ಯೇಯ ಅಂತ ಐಕ್ಯತೆ, ಹೋರಾಟ, ಸಾಮಾಜಿಕ ನ್ಯಾಯ, ಮಹಿಳಾ ಸಬಲೀಕರಣ ಎಲ್ಲಾ ಇತ್ತು. ತಪ್ಪೇನಿಲ್ಲ. ಆದರೆ ಹೊಸದಾಗಿ ಸೇರಿದ ಸಹಾಯಕಿಯೊಬ್ಬರು ಅದನ್ನು ಓದಿ, "ಅಕ್ಕಾ, ಇದರಲ್ಲಿ ಮೊಟ್ಟೆ ದುಡ್ಡಿನ ವಿಷಯ ಎಲ್ಲಿದೆ?" ಅಂದರು. ಎಲ್ಲೂ ಇರಲಿಲ್ಲ.

ಮೊಟ್ಟೆ ದುಡ್ಡು ಅಂದರೆ ಇಷ್ಟೇ. ಅಂಗನವಾಡಿ ಕೇಂದ್ರಕ್ಕೆ ಬೇಕಾದ ಮೊಟ್ಟೆ, ತರಕಾರಿ ತರಬೇಕಾದ್ದು ಊರಿನವರ ಬಾಲವಿಕಾಸ ಸಮಿತಿ. ಅಂಗಡಿ ಮುಂದೆ ನಿಲ್ಲುವವಳು ಮಾತ್ರ ಟೀಚರ್, ಅಂದರೆ ಕಾರ್ಯಕರ್ತೆ. ಇಲಾಖೆ ಕಟ್ಟಿದ ದರಕ್ಕಿಂತ ಅಂಗಡಿ ದರ ಜಾಸ್ತಿಯಾದರೆ ಉಳಿದದ್ದು ಅವಳ ಪರ್ಸಿನಿಂದ. ಖಾತೆಗೆ ಹಣ ತಡವಾಗಿ ಬಂದರೆ ಅಂಗಡಿಯಲ್ಲಿ ಅವಳದೇ ಹೆಸರಲ್ಲಿ ಸಾಲ. ಎದುರು ಕೂತ ಮಗುವಿಗೆ "ಇವತ್ತು ಮೊಟ್ಟೆ ಇಲ್ಲ ಪುಟ್ಟಾ" ಅನ್ನೋಕೆ ಬಾಯಿ ಬರಲ್ಲ, ಅಲ್ವಾ? ಅದು ಮೇಲಿನವರಿಗೂ ಗೊತ್ತು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ತಂದ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ತಿ. ನರಸೀಪುರ ಮೊದಲು. ಅಂದಿನಿಂದಲೂ ನಮ್ಮದು ಗೌರವಧನದ ಲೆಕ್ಕ, ಸಂಬಳದ್ದಲ್ಲ. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕೇಸು ಹೋದದ್ದು ಕರ್ನಾಟಕದಿಂದಲೇ. 2013ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕೂರುವ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ, ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ, ಸಾಮಾಜಿಕ ಭದ್ರತೆ ಕೊಡಿ ಅಂತ ಶಿಫಾರಸು ಮಾಡಿತು. ಅದು ಇನ್ನೂ ಶಿಫಾರಸಾಗಿಯೇ ಇದೆ.

ಹೊಸ ಧ್ಯೇಯ ಬರೆಯಲು ಕೂತಾಗ "ನಿಮ್ಮ ಪ್ರಕಾರ ಸಂಘದ ಮೌಲ್ಯ ಏನು?" ಅಂತ ನಾವು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಆ ಕರಪತ್ರವೇ ಮತ್ತೆ ಬರುತ್ತಿತ್ತು. ಅಕ್ಕಪಕ್ಕದ ಕೇಂದ್ರಗಳವರು ಸೇರುವ ಸರ್ಕಲ್ ಸಭೆಗಳಲ್ಲಿ ಬೇರೆ ಥರ ಕೇಳಿದೆವು: "ಸಂಘ ನಿಮ್ಮ ಜೊತೆ ನಿಲ್ಲಬೇಕಿತ್ತು, ಆದರೆ ನಿಲ್ಲಲಿಲ್ಲ. ಅಂಥದ್ದು ಏನಾದರೂ ನಡೆದಿದೆಯಾ?" ಮೊದಮೊದಲು ಎಲ್ಲರೂ ಸುಮ್ನೆ ಕೂತರು. ಆಮೇಲೆ ನಿಲ್ಲಿಸೋಕೇ ಆಗಲಿಲ್ಲ. ನಾನು ಬರೆದುಕೊಳ್ಳುತ್ತಾ ಹೋದೆ. ಪುಟಕ್ಕೆ ಸೇರುವ ಪ್ರತಿ ಸಾಲಿಗೂ ಒಂದು ಷರತ್ತು ಹಾಕಿಕೊಂಡಿದ್ದೆವು: ವರ್ಷದ ಮಹಾಸಭೆಯಲ್ಲಿ ಅದನ್ನು ಓದಿದರೆ, ನಡೆದಿದೆಯೋ ಇಲ್ಲವೋ ಅಂತ ಯಾರು ಬೇಕಾದರೂ ಹೇಳುವಂತಿರಬೇಕು.

ಜಾಸ್ತಿ ಬಿಸಿಯಾದದ್ದು ಸಹಾಯಕಿಯರ ವಿಷಯ. ಕೇಂದ್ರ ಸರ್ಕಾರ 2018ರಲ್ಲಿ ತನ್ನ ಗೌರವಧನ ಏರಿಸಿದಾಗ ಕಾರ್ಯಕರ್ತೆಗೆ 4,500, ಸಹಾಯಕಿಗೆ 2,250 ರೂಪಾಯಿ ಮಾಡಿತು. ಸರಿಯಾಗಿ ಅರ್ಧ. ಬಾಗಿಲು ತೆರೆದು ಗುಡಿಸುವವಳು, ನೀರು ಹೊತ್ತು ತರುವವಳು, ಅಡುಗೆ ಮಾಡುವವಳು, ಮಗು ಒದ್ದೆ ಮಾಡಿಕೊಂಡರೆ ಬಟ್ಟೆ ಬದಲಿಸುವವಳು ಅವಳೇ. ಸರ್ಕಾರದ ಮಾತು ಹಾಗಿರಲಿ. ನಮ್ಮದೇ ಸಭೆಯಲ್ಲಿ ಟೀಚರುಗಳಿಗೆ ಕುರ್ಚಿ, ಆಯಾಗಳಿಗೆ, ಅಂದರೆ ಸಹಾಯಕಿಯರಿಗೆ, ಹಿಂದೆ ಜಮಖಾನ. ಚಹಾ ಹಂಚುವವರೂ ಅವರೇ. ಇದನ್ನು ಒಬ್ಬ ಸಹಾಯಕಿ ಎದ್ದು ನಿಂತು ಹೇಳಿದಾಗ ಕೆಲವು ಟೀಚರುಗಳಿಗೆ ಸಿಟ್ಟು ಬಂತು. "ನಾವು ರಿಜಿಸ್ಟರ್ ಬರೀತೀವಿ, ಮೀಟಿಂಗಿಗೆ ಹೋಗ್ತೀವಿ, ಬೈಸಿಕೊಳ್ಳೋದೂ ನಾವೇ" ಅಂದರು. ಅದೂ ಸುಳ್ಳಲ್ಲ.

ಕೊನೆಗೆ ಬರೆದ ಸಾಲು: ಸಂಘದ ಪದಾಧಿಕಾರಿಗಳಲ್ಲಿ ಅರ್ಧ ಸಹಾಯಕಿಯರು. ಸಭೆಯಲ್ಲಿ ಎಲ್ಲರೂ ಒಂದೇ ಮಟ್ಟದಲ್ಲಿ ಕೂರುವುದು, ಚಹಾ ಸರದಿ ಪ್ರಕಾರ. ಚಹಾದ ಮಾತು ಧ್ಯೇಯದಲ್ಲಿ ಯಾಕೆ ಅಂತ ಜಿಲ್ಲೆಯಿಂದ ಬಂದ ಹಿರಿಯರೊಬ್ಬರು ನಕ್ಕರು. ನಾವು ತೆಗೆಯಲಿಲ್ಲ.

ಇದಕ್ಕೇ ಅಂಟಿಕೊಂಡದ್ದು ಜಾತಿ. ದಲಿತ ಹೆಣ್ಣುಮಗಳು ಸಹಾಯಕಿಯಾಗಿ ಬಂದರೆ ಕೆಲವು ಊರುಗಳಲ್ಲಿ ಮಕ್ಕಳನ್ನು ಕಳಿಸುವುದನ್ನೇ ನಿಲ್ಲಿಸುತ್ತಾರೆ. ಬಾಯಿಬಿಟ್ಟು ಯಾರೂ ಹೇಳಲ್ಲ. "ಮಗೂಗೆ ಹೊಟ್ಟೆ ಸರಿ ಇಲ್ಲ" ಅಂತಾರೆ, ಅಷ್ಟೆ. ಹಾಜರಾತಿ ಇಳಿದರೆ ನೋಟಿಸು ಟೀಚರಿಗೆ. ಹಾಗಾಗಿ, "ನೀನು ಹೊರಗಿನ ಕೆಲಸ ನೋಡಿಕೋ, ಅಡುಗೆ ನಾನೇ ಮಾಡ್ತೀನಿ" ಅಂತ ಟೀಚರೇ ದಾರಿ ಹುಡುಕುತ್ತಾಳೆ. ಊರು ಶಾಂತ. ಅವಮಾನ ಮಾತ್ರ ಆಯಾಳದು. ಈ ರಾಜಿಗೆ ಸಂಘ ಒಪ್ಪಲ್ಲ ಅಂತ ಬರೆದೆವು. ಅಡುಗೆ ಅವಳೇ ಮಾಡುತ್ತಾಳೆ. ಆ ಕೇಂದ್ರಕ್ಕೆ ಸುತ್ತಲಿನ ಕೇಂದ್ರಗಳ ಸದಸ್ಯೆಯರು ಹೋಗಿ ಅವಳ ಕೈಯಡುಗೆ ಉಣ್ಣುತ್ತಾರೆ, ತಾಯಂದಿರ ಎದುರೇ. ಹಾಜರಾತಿ ಇಳಿದದ್ದಕ್ಕೆ ಟೀಚರಿಗೆ ನೋಟಿಸು ಬಂದರೆ ಉತ್ತರ ಸಂಘದ ಲೆಟರ್‌ಹೆಡ್‌ನಲ್ಲಿ ಹೋಗುತ್ತದೆ. ಎಲ್ಲಾ ಕಡೆ ಇದು ಗೆದ್ದಿದೆ ಅಂತ ಹೇಳಲಾರೆ. ಒಂದು ಊರಲ್ಲಿ ಇನ್ನೂ ಎರಡು ಮನೆಯವರು ಮಕ್ಕಳನ್ನು ಕಳಿಸುತ್ತಿಲ್ಲ.

ಇನ್ನೊಂದು ದೊಡ್ಡ ಜಗಳ ಮುಷ್ಕರದ್ದು. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್ ಹತ್ತಿರ ಸಾವಿರಾರು ಜನ ರಸ್ತೆಯಲ್ಲೇ ಮಲಗಿ ಹಗಲು ರಾತ್ರಿ ಧರಣಿ ಮಾಡಿದೆವು. ಬಟ್ಟೆಯ ಗಂಟನ್ನೇ ತಲೆದಿಂಬು ಮಾಡಿಕೊಂಡಿದ್ದೆವು. ಶೌಚಾಲಯಕ್ಕೆ ಹೋಗಬೇಕಾಗುತ್ತೆ ಅಂತ ನೀರು ಕುಡಿಯೋಕೇ ಭಯ. ಊರಿಗೆ ಬಂದ ಮೇಲೆ ಮೊದಲು ಎದುರಾದದ್ದು "ಇಷ್ಟು ದಿನ ಮಕ್ಕಳಿಗೆ ಊಟ ಯಾರು ಹಾಕಿದರು?" ಅನ್ನುವ ಪ್ರಶ್ನೆ. ಕೇಳಿದವರು ನಮ್ಮ ವೈರಿಗಳೇನಲ್ಲ. ಕೂಲಿಗೆ ಹೋಗುವ ತಾಯಂದಿರು.

ಕಾರ್ಖಾನೆಯಲ್ಲಿ ಮುಷ್ಕರ ಮಾಡಿದರೆ ಮಾಲೀಕನಿಗೆ ನಷ್ಟ. ನಾವು ಬೀಗ ಹಾಕಿದರೆ ಹಸಿಯುವುದು ಮಗು, ವಿಧಾನಸೌಧಕ್ಕೆ ಏನೂ ಆಗಲ್ಲ. ಹಾಗಂತ ಮುಷ್ಕರವೇ ಬೇಡ ಅಂದರೆ ಗೌರವಧನ ಇದ್ದಲ್ಲೇ ಇರುತ್ತದೆ. ಎರಡೂ ಕಡೆ ವಾದ ನಡೆದು ನಡೆದು ಹೀಗೆ ಬರೆದೆವು: ಮುಷ್ಕರದ ಹಕ್ಕು ಬಿಟ್ಟುಕೊಡಲ್ಲ. ಆದರೆ ಇಲಾಖೆಗೆ ನೋಟಿಸು ಕೊಟ್ಟ ದಿನವೇ ತಾಯಂದಿರ ಸಭೆ ಕರೆದು ಯಾಕೆ, ಎಷ್ಟು ದಿನ ಅಂತ ಹೇಳಬೇಕು. ಬೇಡಿಕೆ ಪಟ್ಟಿಯ ಮೊದಲ ಸಾಲು ಮಕ್ಕಳ ಊಟದ್ದೇ ಆಗಿರಬೇಕು, ಅಂದರೆ ಮೊಟ್ಟೆ ದರ, ಸಿಲಿಂಡರ್ ದುಡ್ಡು, ಕಟ್ಟಡ ಬಾಡಿಗೆ. ನಮ್ಮ ಗೌರವಧನ ಆಮೇಲೆ. ಇದು ತ್ಯಾಗವೇನಲ್ಲ, ಲೆಕ್ಕಾಚಾರ. ತಾಯಂದಿರು ಜೊತೆಗಿಲ್ಲದ ಮುಷ್ಕರವನ್ನು ಮುರಿಯುವುದು ಸುಲಭ. ಈ ಕ್ರಮ ಬಂದ ಮೇಲೆ ತಾಲ್ಲೂಕು ಕಚೇರಿ ಮುಂದಿನ ಧರಣಿಗೆ ಕೆಲವು ತಾಯಂದಿರು ಮಗುವನ್ನು ಎತ್ತಿಕೊಂಡೇ ಬಂದರು.

ಕೇಂದ್ರದ ಲೆಕ್ಕವೆಲ್ಲಾ ತುಂಬಿಸುವ ಪೋಷಣ್ ಟ್ರ್ಯಾಕರ್ ಅನ್ನುವ ಮೊಬೈಲ್ ಆ್ಯಪ್ ಬಗ್ಗೆ ಒಂದೇ ಸಾಲು ಬರೆದೆವು. ಮನೆಗೆ ಕೊಡುವ ರೇಷನ್‌ಗೆ ಈಗ ಮೊಬೈಲಿನಲ್ಲಿ ತಾಯಿಯ ಮುಖ ದಾಖಲೆಯ ಫೋಟೋಗೆ ಹೊಂದಬೇಕು. ನೆಟ್‌ವರ್ಕ್ ಇರಲ್ಲ, ಓಟಿಪಿ ಹೋಗುವ ಫೋನು ಗಂಡನ ಜೇಬಲ್ಲಿ, ಗಂಡ ಕೆಲಸಕ್ಕೆ ಹೋಗಿರುತ್ತಾನೆ. ಮುಖ ಹೊಂದಲಿಲ್ಲ ಅಂತ ಬಾಣಂತಿಯನ್ನು ಬರಿಗೈಯಲ್ಲಿ ಕಳಿಸಬಾರದು. ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಕೊಡಬೇಕು, ಆಮೇಲಿನ ಮಾತು ಸಂಘದ್ದು.

ದುಡ್ಡಿನದು ಸರಳ. ಚಂದಾಕ್ಕೆ ರಸೀದಿ, ಸಭೆಯಲ್ಲಿ ಖರ್ಚನ್ನು ಜೋರಾಗಿ ಓದುವುದು, ಯಾರ ಕೆಲಸ ಮಾಡಿಸಿಕೊಟ್ಟರೂ ಅದಕ್ಕೆ ದುಡ್ಡು ತೆಗೆದುಕೊಳ್ಳಬಾರದು.

ಗ್ರಾಚ್ಯುಟಿ, ಅಂದರೆ ನಿವೃತ್ತಿಯಾಗುವಾಗ ಒಟ್ಟಿಗೆ ಸಿಗುವ ಹಣದ ಸಾಲು ಆಮೇಲೆ ಸೇರಿದ್ದು. 2022ರ ಏಪ್ರಿಲ್ 25ರಂದು ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೂ 1972ರ ಗ್ರಾಚ್ಯುಟಿ ಕಾಯ್ದೆ ಅನ್ವಯಿಸುತ್ತದೆ ಅಂತ ತೀರ್ಪು ಕೊಟ್ಟಿತು. ಸುದ್ದಿ ಎಲ್ಲರೂ ಕೇಳಿದ್ದರು, ಎಷ್ಟು ಬರುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಕೇಂದ್ರದ ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಕೊನೆಯ ತಿಂಗಳ ಗೌರವಧನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 10,000 ರೂಪಾಯಿ, 26 ವರ್ಷ ಅಂದುಕೊಂಡರೆ 1,50,000. ಹಿಂದಿನ ಸಾಲಿನಲ್ಲಿದ್ದ ಒಬ್ಬರು "ಇನ್ನೊಂದು ಸಲ ಮಾಡು" ಅಂದರು. ಅವರ ವರ್ಷಗಳನ್ನೇ ಹಾಕಿ ಮಾಡಿದೆ. ನಿವೃತ್ತಿಯಾಗುವ ಪ್ರತಿ ಸದಸ್ಯೆಯ ಅರ್ಜಿ, ಲೆಕ್ಕ ಸಂಘವೇ ಕೂತು ತುಂಬಿಸಬೇಕು ಅನ್ನುವುದು ಈಗ ನಮ್ಮ ಪುಟದಲ್ಲಿದೆ.

ನಿಮ್ಮ ಕಡೆಯೂ ಹೀಗೆ ಬರೆಯುವುದಾದರೆ ಒಂದು ಮಾತು. ಸಂಘದ ಬೈಲಾದಲ್ಲಿ ಉದ್ದೇಶಗಳ ಭಾಗ ಒಂದಿರುತ್ತದೆ. 1926ರ ಕಾರ್ಮಿಕ ಸಂಘಗಳ ಕಾಯ್ದೆಯಡಿ ನೋಂದಣಿಗೇ ಅದು ಬೇಕಿತ್ತು. ಅದನ್ನು ಮುಟ್ಟಬೇಡಿ, ಕಾನೂನಿನ ಭಾಷೆಯಲ್ಲೇ ಇರಲಿ. ಈ ಪುಟ ಬೇರೆ, ಗೋಡೆಗೆ ಅಂಟಿಸುವಂಥದ್ದು. ಅಕ್ಷರ ದೊಡ್ಡದಿರಲಿ.

ಈ ಸಲದ ಮಹಾಸಭೆಗೆ ಒಂದು ತಿದ್ದುಪಡಿ ಬಂದಿದೆ: ಮತದಾರರ ಪಟ್ಟಿಯ ಕೆಲಸಕ್ಕೆ, ಅಂದರೆ ಬಿಎಲ್‌ಒ ಆಗಿ, ಟೀಚರ್ ಹೋಗುವ ದಿನ ಕೇಂದ್ರವನ್ನು ಸಹಾಯಕಿಯೊಬ್ಬಳ ಮೇಲೆ ಬಿಡದೆ ಮುಚ್ಚಬೇಕು ಅಂತ. ತಂದವರು ಸಹಾಯಕಿಯರೇ. ಅವರ ಕಷ್ಟ ನಿಜ. ಆದರೂ ಮುಚ್ಚುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಬದಲಿ ಕಾರ್ಯಕರ್ತೆ ಕೊಡಿ ಅಂತ ಇಲಾಖೆಯನ್ನು ಕೇಳೋಣ ಅನ್ನುತ್ತೇನೆ. ಮತಕ್ಕೆ ಹಾಕಿದರೆ ನಾನು ಸೋಲುವ ಹಾಗೆ ಕಾಣುತ್ತಿದೆ.